ಬೆಕ್ಕು ಟ್ರೇ ಬಿಟ್ಟು ಗಾದಿಯ ಮೇಲೆ ಮೂತ್ರ ಮಾಡುತ್ತಿದೆ: ಕಾರಣ ಏನಿರಬಹುದು?

ಕೌಲ್ ಬಜಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕೆಂಚ ಎಂಬ ಗಂಡು ಬೆಕ್ಕಿದೆ. ಮರಿಯಾಗಿದ್ದಾಗಿನಿಂದಲೂ ಮರಳು ತುಂಬಿದ ಟ್ರೇಯಲ್ಲೇ ಮಲಮೂತ್ರ ಮಾಡಿ, ಮುಚ್ಚಿ, ಪಾದ ಕೊಡವಿಕೊಂಡು ಬರುತ್ತಿದ್ದ ಪ್ರಾಣಿ ಅದು. ಯುಗಾದಿ ಕಳೆದ ಮೇಲೆ ಅದರ ರೀತಿ ಬದಲಾಗಿದೆ. ಮಲವನ್ನು ಟ್ರೇಯಲ್ಲೇ ಮಾಡುತ್ತದೆ, ಆದರೆ ಮೂತ್ರವನ್ನು ಮಾತ್ರ ಗಾದಿಯ ಮೇಲೆ, ಮಡಚಿಟ್ಟ ಬಟ್ಟೆಯ ಮೇಲೆ, ಒಮ್ಮೊಮ್ಮೆ ಬಚ್ಚಲಿನ ಮೂಲೆಯಲ್ಲಿ ಮಾಡುತ್ತಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅದನ್ನು ಪಕ್ಕದ ಮನೆಯವರ ಬಳಿ ಬಿಟ್ಟಿದ್ದೆವು. ಆ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಊರಾಚೆ ಎಲ್ಲಾದರೂ ಬಿಟ್ಟು ಬರೋಣ ಎಂಬ ಮಾತೂ ಮನೆಯಲ್ಲಿ ಶುರುವಾಗಿದೆ. ನನಗೆ ಅದಕ್ಕೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಪಶುವೈದ್ಯೆ, ರಾಯಚೂರು

ಅಕ್ಕನವರೇ, ಟ್ರೇ, ಮರಳು, ಸಿಟ್ಟು ಎಲ್ಲವನ್ನೂ ಆಮೇಲೆ ಮಾತಾಡೋಣ. ಮೊದಲು ಇವತ್ತೇ ಒಂದು ವಿಷಯವನ್ನು ಕಣ್ಣಾರೆ ನೋಡಿ ಹೇಳಿ. ಬೆಕ್ಕು ಮೂತ್ರಕ್ಕೆ ಕೂತಾಗ ಧಾರಾಳವಾಗಿ ಹೋಗುತ್ತಿದೆಯೋ, ಅಥವಾ ಮತ್ತೆ ಮತ್ತೆ ಕೂತು, ತಿಣುಕಿ, ಹನಿ ಹನಿಯಾಗಿ ಹೋಗುತ್ತಿದೆಯೋ? ಮೂತ್ರ ಮಾಡುವಾಗ ಕೂಗುತ್ತಿದೆಯೇ, ಆ ಜಾಗವನ್ನು ಎಡೆಬಿಡದೆ ನೆಕ್ಕಿಕೊಳ್ಳುತ್ತಿದೆಯೇ, ಮೂತ್ರದಲ್ಲಿ ಕೆಂಪು ಕಾಣುತ್ತಿದೆಯೇ?

ಇಷ್ಟು ಒತ್ತಿ ಕೇಳಲು ಕಾರಣವಿದೆ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಮೂತ್ರದಲ್ಲಿನ ಹರಳುಗಳೂ ಲೋಳೆಯೂ ಸೇರಿ ಅಲ್ಲಿ ಬೆಣೆಯ ಹಾಗೆ ಕಟ್ಟಿಕೊಂಡರೆ ಮೂತ್ರ ಪೂರ್ತಿ ನಿಂತುಹೋಗುತ್ತದೆ. ಆಮೇಲೆ ಮೂತ್ರಪಿಂಡ ಕೆಲಸ ಬಿಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಏರುಪೇರಾಗುತ್ತದೆ, ಒಂದೆರಡು ದಿನಗಳಲ್ಲಿ ಜೀವಕ್ಕೇ ಅಪಾಯ. ಎಷ್ಟೋ ಜನ ಬೆಕ್ಕು ತಿಣುಕುವುದನ್ನು ನೋಡಿ ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಕಾಯುತ್ತಾರೆ. ಹಾಗೆ ಕಾಯಬಾರದು. ಹೊಟ್ಟೆಯನ್ನು ಒತ್ತಿ ನೋಡುವುದೂ ಬೇಡ. ಹನಿ ಮೂತ್ರವೂ ಬರದೆ ವಾಂತಿ ಮಾಡಿ ಮೂಲೆ ಹಿಡಿದಿದ್ದರೆ, ರಾತ್ರಿಯಾಗಿದ್ದರೂ ಸರಿ, ವೈದ್ಯರಿಗೆ ಫೋನ್ ಮಾಡಿ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ನೋವೆಂದು ನಮ್ಮ ಮಾತ್ರೆಯ ಚೂರು ಮುರಿದು ಹಾಕುವ ರೂಢಿ ಹಲವರಲ್ಲಿದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಲದು.

ಕೌಲ್ ಬಜಾರ್, ಬಳ್ಳಾರಿ

ಡಾಕ್ಟರ್ ಮೇಡಂ, ನೀವು ಹೇಳಿದ ಹಾಗೆ ಗಮನವಿಟ್ಟು ನೋಡಿದೆ. ಮೂತ್ರ ಬರುತ್ತಿದೆ, ನಿಂತಿಲ್ಲ. ಆದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ, ಬಣ್ಣವೂ ಗಾಢ. ನೆಕ್ಕಿಕೊಳ್ಳುವುದು ಮೊದಲಿಗಿಂತ ಹೆಚ್ಚಿದೆ. ಮರಿಯಾಗದಂತೆ ಮಾಡುವ ಶಸ್ತ್ರಚಿಕಿತ್ಸೆ ಹಿಂದೆಯೇ ಆಗಿದೆ. ಟ್ರೇಯನ್ನು ಮೊದಲು ಅಡುಗೆಮನೆಯ ಹಿಂದಿನ ಓಣಿಯಲ್ಲಿ ಇಟ್ಟಿದ್ದೆವು. ಅಲ್ಲಿ ವಾಷಿಂಗ್ ಮಷೀನ್ ಇಟ್ಟ ಮೇಲೆ ಟ್ರೇ ಮಾಳಿಗೆಯ ಮೇಲೆ ತಗಡಿನ ಶೀಟಿನ ಕೆಳಗೆ ಹೋಯಿತು. ನೆಲವನ್ನೂ ಟ್ರೇಯನ್ನೂ ದಿನಾ ಫಿನಾಯಿಲ್ ಹಾಕಿ ತೊಳೆಯುತ್ತೇವೆ, ಹಾಗಾಗಿ ಸ್ವಚ್ಛತೆಯ ಕೊರತೆ ಇರಲಾರದು ಎಂದುಕೊಂಡಿದ್ದೇನೆ. ಊಟಕ್ಕೆ ಪೊಟ್ಟಣದ ಒಣ ಕಾಳನ್ನೇ ಹಾಕುತ್ತೇವೆ.

ಪಶುವೈದ್ಯೆ, ರಾಯಚೂರು

ನೀವು ಬರೆದ ನಾಲ್ಕು ಸಾಲಿನಲ್ಲೇ ಬಹುಪಾಲು ಉತ್ತರವಿದೆ. ಸ್ವಲ್ಪ ಸ್ವಲ್ಪ, ಗಾಢ ಬಣ್ಣ, ಹೆಚ್ಚು ನೆಕ್ಕುವುದು ಎಂದರೆ ಮೂತ್ರಕೋಶದಲ್ಲಿ ಉರಿಯೂತವಿರುವ ಸಾಧ್ಯತೆ ಹೆಚ್ಚು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕೂ ಇಲ್ಲದೆ ಕಲ್ಲೂ ಇಲ್ಲದೆ, ಬರೀ ಒತ್ತಡದಿಂದಲೇ ಬೆಕ್ಕುಗಳಿಗೆ ಈ ಉರಿಯೂತ ಬರುವುದುಂಟು. ಮನೆಯಲ್ಲಿ ಹೊಸಬರು, ಜಾಗದ ಬದಲಾವಣೆ, ಯಜಮಾನರು ಊರಲ್ಲಿಲ್ಲದಿರುವುದು ಇವೆಲ್ಲ ಅದಕ್ಕೆ ಸಾಕು. ನಿಮ್ಮ ಅತ್ತೆಯವರು ಗುರುತಿಸಿದ ಸಮಯ ಸರಿಯಾಗಿಯೇ ಇದೆ, ಆದರೆ ಅದು ಸೇಡಲ್ಲ. ಮೂತ್ರ ಮಾಡುವಾಗ ಟ್ರೇಯಲ್ಲಿ ಒಮ್ಮೆ ಉರಿದರೆ, ಉರಿಸಿದ್ದು ಟ್ರೇಯೇ ಎಂದು ಬೆಕ್ಕಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಅದು ಮೆತ್ತನೆಯ, ತಂಪಾದ ಬೇರೆ ಜಾಗ ಹುಡುಕುತ್ತದೆ. ಗಾದಿ, ಬಟ್ಟೆ, ಬಚ್ಚಲು ಮೂರನ್ನೂ ಅದು ಆರಿಸಿದ್ದು ಹಾಗೆಯೇ.

ಇನ್ನು ಮಾಳಿಗೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ, ತಗಡಿನ ಕೆಳಗೆ ಅದಕ್ಕಿಂತ ಹೆಚ್ಚು. ಆ ಕಾದ ಮರಳಿನ ಮೇಲೆ ನಿಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ಇಟ್ಟು ನೋಡಿ. ಬೆಕ್ಕಿನ ಪಾದದ ಮೆತ್ತೆಯೂ ಸೂಕ್ಷ್ಮವೇ. ಸುಡುವ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕಾಗಿರುವುದರಿಂದ ಅದು ಮೂತ್ರವನ್ನು ತಡೆಹಿಡಿಯುತ್ತದೆ, ತಡೆಹಿಡಿದಷ್ಟೂ ಉರಿ ಹೆಚ್ಚುತ್ತದೆ. ಒಣ ಕಾಳಿನಲ್ಲಿ ನೀರಿನಂಶ ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಬೆಕ್ಕಿನ ಮೂಲ ಒಣಭೂಮಿಯ ಕಾಡುಬೆಕ್ಕು. ತಿಂದ ಬೇಟೆಯಿಂದಲೇ ನೀರು ಪಡೆಯುವ ಅಭ್ಯಾಸದ ಪ್ರಾಣಿಯಾದ್ದರಿಂದ ಬಾಯಾರಿದರೂ ಅದು ನಾಯಿಯಷ್ಟು ನೀರು ಕುಡಿಯುವುದಿಲ್ಲ. ಒಣ ಕಾಳಿನ ಜೊತೆ ಬೇಯಿಸಿದ ಕೋಳಿಯನ್ನು ಅದರ ನೀರಿನೊಂದಿಗೆ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿರಬೇಕು, ಏಕೆಂದರೆ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರನ್ನು ಮಣ್ಣಿನ ಅಗಲ ಬೋಗುಣಿಯಲ್ಲಿ, ಊಟದ ತಟ್ಟೆಯಿಂದ ದೂರದಲ್ಲಿ, ಎರಡು ಮೂರು ಕಡೆ ಇಡಿ.

ಫಿನಾಯಿಲ್ ಬಗ್ಗೆ ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಅದಿಲ್ಲದ ಮನೆಯಿಲ್ಲ. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು, ಬಿಳಿ ಫಿನಾಯಿಲ್‌ನಲ್ಲಿರುವ ಪೈನ್ ಎಣ್ಣೆ ಎರಡೂ ಬೆಕ್ಕಿಗೆ ಆಗವು. ಪ್ಯಾರಾಸಿಟಮಾಲ್ ವಿಷಯದಲ್ಲಿ ಹೇಳಿದ ಯಕೃತ್ತಿನ ಕೊರತೆಯೇ ಇಲ್ಲಿಯೂ ಕಾರಣ. ಒರೆಸಿದ ನೆಲದ ಮೇಲೆ ಬೆಕ್ಕು ನಡೆಯುತ್ತದೆ, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ; ವಿಷ ಹೊಟ್ಟೆಗೆ ಹೋಗುವ ದಾರಿ ಅಷ್ಟೇ ಚಿಕ್ಕದು. ಡೆಟಾಲ್ ಕೂಡ ಇದೇ ಪಂಗಡದ್ದು. ಅದೂ ಅಲ್ಲದೆ, ನಮಗೆ ಸ್ವಚ್ಛತೆಯ ಗುರುತಾದ ಆ ಘಾಟು ಬೆಕ್ಕಿನ ಮೂಗಿಗೆ ತಡೆಯಲಾಗದಷ್ಟು ಗಾಢ. ಟ್ರೇಯನ್ನು ಕುದಿಯುವ ನೀರು, ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಬಿಸಿಲಿಗೆ ಒಣಗಿಸಿದರೆ ಸಾಕು.

ಪ್ರೌಢಶಾಲಾ ಶಿಕ್ಷಕ, ಕುಷ್ಟಗಿ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೆಕ್ಕು ಮಲ ಮುಚ್ಚುವುದನ್ನು ನಾವು ಅದರ ಶುಚಿತ್ವವೆಂದು ಹೊಗಳುತ್ತೇವೆ, ಮುಚ್ಚದಿದ್ದರೆ ಸೋಮಾರಿ ಎಂದು ಬೈಯುತ್ತೇವೆ. ನಿಜವಾಗಿ ಅದು ವಾಸನೆಯ ವ್ಯವಹಾರ. ಆಫ್ರಿಕಾದ ಕಾಡುಬೆಕ್ಕಿನಿಂದ ಬಂದ ನಮ್ಮ ಬೆಕ್ಕು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ತಾನಿರುವ ಸುಳಿವು ಸಿಗಬಾರದೆಂದು ವಾಸನೆಯನ್ನು ಮಣ್ಣಿನಡಿ ಇಡುತ್ತದೆ. ತನ್ನ ನೆಲದ ಗಡಿಯಲ್ಲಿ ಅದೇ ಬೆಕ್ಕು ಮಲವನ್ನು ಮುಚ್ಚದೆ ಬಿಡುವುದೂ ಇದೆ. ಇದು ನನ್ನ ಜಾಗ ಎಂದು ಬೇರೆ ಬೆಕ್ಕಿಗೆ ಹೇಳುವ ರೀತಿ ಅದು. ಆದ್ದರಿಂದ ನಿನ್ನೆವರೆಗೆ ಮುಚ್ಚುತ್ತಿದ್ದದ್ದು ಇವತ್ತು ಮುಚ್ಚದೆ ಓಡಿಹೋಗುತ್ತಿದ್ದರೆ, ಟ್ರೇಯ ಅಂಚಿನ ಮೇಲೆ ನಿಂತು ಮರಳಿಗೆ ಪಾದ ತಾಗಿಸದೆ ಮಾಡುತ್ತಿದ್ದರೆ, ಅಥವಾ ಮರಳನ್ನು ಬಿಟ್ಟು ಟ್ರೇಯ ಗೋಡೆಯನ್ನು ಮಾತ್ರ ಕೆರೆಯುತ್ತಿದ್ದರೆ, ಆ ಮರಳೋ ಆ ಜಾಗವೋ ತನಗೆ ಒಗ್ಗುತ್ತಿಲ್ಲ ಎಂದು ಅದು ತೋರಿಸುತ್ತಿದೆ. ಗಾದಿಯವರೆಗೆ ಬರುವ ಮುಂಚೆಯೇ ಈ ಸೂಚನೆಗಳು ಕಾಣುತ್ತವೆ. ತಪ್ಪು ಮಾಡಿದ ಜಾಗಕ್ಕೆ ಎಳೆದೊಯ್ದು ಮೂಗು ತಿಕ್ಕುವುದು, ಹೊಡೆಯುವುದು ಖಂಡಿತ ಬೇಡ. ಅದರಿಂದ ಬೆಕ್ಕು ಕಲಿಯುವುದು ನಮ್ಮನ್ನು ಕಂಡರೆ ಅಡಗಿಕೊಳ್ಳುವುದನ್ನು ಮಾತ್ರ, ಮತ್ತು ಮುಂದಿನ ಸಲ ಮಂಚದ ಕೆಳಗೆ ನಮಗೆ ಕಾಣದ ಹಾಗೆ ಮಾಡುವುದನ್ನು.

ಗಂಗಾವತಿ

ಮರಳಿನ ಬದಲು ಭತ್ತದ ಹೊಟ್ಟು ಬಳಸಬಹುದೇ? ನಮ್ಮಲ್ಲಿ ರೈಸ್ ಮಿಲ್‌ಗಳಿಂದ ಚೀಲಗಟ್ಟಲೆ ಸಿಗುತ್ತದೆ. ಟ್ರೇಗೆ ತುಂಬಲು ಅಂಗಡಿಯಲ್ಲಿ ಮಾರುವ ಲಿಟರ್ ಎಂಬ ಹರಳನ್ನು ಪ್ರತಿ ತಿಂಗಳೂ ಕೊಳ್ಳುವಷ್ಟು ಅನುಕೂಲ ನಮಗಿಲ್ಲ.

ರೈತ, ಸಿಂಧನೂರು

ಹೊಟ್ಟನ್ನು ನಾವು ಬಳಸಿದ್ದೇವೆ, ಆಗುತ್ತದೆ. ಆದರೆ ಅದು ಹಗುರ, ಬೆಕ್ಕು ಕೆದರಿದಾಗ ಪಡಸಾಲೆಯ ತುಂಬ ಹರಡುತ್ತದೆ. ಅದಕ್ಕೆ ಆಳವಾದ ಬುಟ್ಟಿ ಬೇಕು. ಗಾರೆ ಕೆಲಸದವರು ಸಿಮೆಂಟ್ ಹೊರುವ ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿ ತಂದು, ಒಂದು ಕಡೆಯ ಅಂಚನ್ನು ಬೆಕ್ಕು ಸಲೀಸಾಗಿ ಕಾಲಿಡುವಷ್ಟು ಕತ್ತರಿಸಿ, ಕತ್ತರಿಸಿದ ಕಡೆ ಚೂಪು ಉಳಿಯದಂತೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹೊಲಿದಿದ್ದೇವೆ. ಹೊಟ್ಟು ಮೂತ್ರವನ್ನು ಗಟ್ಟಿ ಮಾಡುವುದಿಲ್ಲ, ತಳಕ್ಕೆ ಇಳಿಸುತ್ತದೆ. ಮಲವನ್ನು ಎತ್ತಿದರೂ ಮೂತ್ರ ಉಳಿಯುವುದರಿಂದ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಬೇಗ ಬೇಗ ಬದಲಿಸಬೇಕು. ತೌಡು ಬೆರೆತ ಹೊಟ್ಟು ತರಬೇಡಿ, ಇರುವೆಯೂ ಹುಳವೂ ಬರುತ್ತವೆ.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಮಾರುವ, ಮೂತ್ರ ಬಿದ್ದ ಕೂಡಲೇ ಉಂಡೆ ಕಟ್ಟುವ ಲಿಟರ್ ಬೆಂಟೊನೈಟ್ ಎಂಬ ಜೇಡಿಮಣ್ಣು. ನಮ್ಮ ದೇಶದಲ್ಲಿ ಅದನ್ನು ಗುಜರಾತಿನ ಕಛ್, ರಾಜಸ್ಥಾನದ ಬಾಡ್‌ಮೇರ್ ಕಡೆಯಿಂದ ತೆಗೆಯುತ್ತಾರೆ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನೀರು ಸೋಕಿದರೆ ಪದರ ಪದರವಾಗಿ ಹೀರಿಕೊಂಡು ಉಬ್ಬುವುದು ಅದರ ಗುಣ. ನಮ್ಮ ಹೊಲದ ಎರೆ ಮಣ್ಣಿನಲ್ಲೂ ಇದೇ ಜಾತಿಯ ಖನಿಜ ಹೇರಳ. ಮಳೆಗಾಲದಲ್ಲಿ ಎತ್ತಿನ ಕಾಲು ಹೂತುಹೋಗುವಷ್ಟು ಉಬ್ಬುವುದೂ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದೂ ಅದರಿಂದಲೇ. ಮನೆಯ ಬೆಕ್ಕಿಗೆ ಅಂಗಡಿಯ ಮಣ್ಣು ತರುವ ನಾವು, ಅದರ ಬಂಧುವಾದ ಮಣ್ಣಿನ ಮೇಲೆಯೇ ಹತ್ತಿ, ಜೋಳ, ಕಡಲೆ ಬೆಳೆಯುತ್ತಿದ್ದೇವೆ. ಹೊಲದ ಕೊಟ್ಟಿಗೆಯ ಬೆಕ್ಕುಗಳು ಉತ್ತು ಸಡಿಲವಾದ ಎರೆಯನ್ನೇ ಹುಡುಕಿಕೊಂಡು ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ: ಮುಂಗಾಲಿನಿಂದ ಎರಡು ಕಡೆಗೂ ಕೆದರಿ ಗುಳಿ ಮಾಡಿ, ಮೂಸಿ, ತಿರುಗಿ ಕೂತು, ಮುಗಿಸಿದ ಮೇಲೆ ಮತ್ತೊಮ್ಮೆ ಮೂಸಿ, ವಾಸನೆ ಅಡಗುವವರೆಗೂ ಮಣ್ಣೆಳೆಯುತ್ತವೆ. ಹೆಂಟೆ ಕಟ್ಟಿದ ಗಟ್ಟಿ ನೆಲವನ್ನು ಅವು ಮುಟ್ಟುವುದಿಲ್ಲ.

ಶಕ್ತಿನಗರ, ರಾಯಚೂರು

ಹಾಗಾದರೆ ಎರೆ ಮಣ್ಣನ್ನೇ ನೇರವಾಗಿ ಟ್ರೇಗೆ ತುಂಬಬಹುದಲ್ಲವೇ? ನಮ್ಮ ಕಡೆ ಉಷ್ಣ ವಿದ್ಯುತ್ ಕೇಂದ್ರದ ಹಾರುಬೂದಿಯೂ ಬೇಕಾದಷ್ಟಿದೆ. ಹಿಂದೆ ಒಲೆಯ ಬೂದಿಯನ್ನೇ ಬೆಕ್ಕಿಗೆ ಹಾಕುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಪಶುವೈದ್ಯೆ, ರಾಯಚೂರು

ಹಾರುಬೂದಿ ಬೇಡವೇ ಬೇಡ. ಅದು ಅತಿ ನುಣುಪು, ಬೆಕ್ಕು ಕೆದರಿದೊಡನೆ ಎದ್ದು ಅದರ ಶ್ವಾಸಕೋಶಕ್ಕೂ ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ, ಪಾದಕ್ಕೂ ಕಿರಿಕಿರಿ ಮಾಡಬಹುದು. ಮಿಲ್ಲಿನ ಬಾಯ್ಲರ್‌ನಿಂದ ಬರುವ ಹೊಟ್ಟಿನ ಬೂದಿಗೂ ಇದೇ ಮಾತು.

ಒಲೆಯ ಬೂದಿ ಬೇರೆ ದೇಶಗಳಲ್ಲೂ ಇದ್ದ ರೂಢಿ. ಅಮೆರಿಕದಲ್ಲೂ ಬೂದಿ, ಮರಳು, ಮರದ ಹೊಟ್ಟನ್ನೇ ಬಳಸುತ್ತಿದ್ದರು. 1947ರಲ್ಲಿ ಮಿಚಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬವರು, ಬೂದಿಯಿಂದ ಮನೆಯೆಲ್ಲ ಹೆಜ್ಜೆ ಗುರುತಾಗುತ್ತದೆಂದು ಬೇಸತ್ತಿದ್ದ ನೆರೆಯ ಮಹಿಳೆಗೆ ಒಣಗಿಸಿದ ಜೇಡಿಮಣ್ಣಿನ ಹರಳನ್ನು ಕೊಟ್ಟರು. ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಮಾರುತ್ತಿದ್ದ ಮಣ್ಣು ಅದು. ಇಂದಿನ ಲಿಟರ್ ಉದ್ಯಮ ಹುಟ್ಟಿದ್ದು ಅಲ್ಲಿಂದ. ಉಂಡೆ ಕಟ್ಟುವ ಬೆಂಟೊನೈಟ್ ಲಿಟರ್ ಬಂದದ್ದು 1980ರ ದಶಕದಲ್ಲಿ.

ಎರೆ ಮಣ್ಣಿನ ವಿಷಯದಲ್ಲಿ ರೈತ ಅಣ್ಣನವರು ಹೇಳಿದ್ದು ನಿಜ, ಆದರೆ ನೇರವಾಗಿ ತುಂಬಬೇಡಿ. ಹೊಲದ ಮಣ್ಣಿನಲ್ಲಿ ಬೇರೆ ಬೆಕ್ಕು ನಾಯಿಗಳ ಮಲದಿಂದ ಬಂದ ಜಂತಿನ ಮೊಟ್ಟೆಗಳಿರುತ್ತವೆ, ಗೊಬ್ಬರ ಮತ್ತು ಕೀಟನಾಶಕದ ಶೇಷವೂ ಇರಬಹುದು. ಹಸಿಯಾದಾಗ ಎರೆ ಉಂಡೆಯಾಗುವುದಕ್ಕಿಂತ ಹೆಚ್ಚಾಗಿ ಪಾದಕ್ಕೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಚೆನ್ನಾಗಿ ತೊಳೆದು ಒಣಗಿಸಿ ಜರಡಿ ಹಿಡಿದ ನುಣುಪು ಹೊಳೆ ಮರಳು ಒಳ್ಳೆಯದು. ಬಹುತೇಕ ಬೆಕ್ಕುಗಳು ನುಣುಪಾದ, ಸುವಾಸನೆ ಬೆರೆಸದ ಹರಳನ್ನು ಇಷ್ಟಪಡುತ್ತವೆ. ಎರಡು ಮೂರು ಬೆರಳು ದಪ್ಪ ಹರಡಿದರೆ ಸಾಕು. ಎರಡು ತಿಂಗಳೂ ತುಂಬದ ಮರಿಗಳಿಗೆ ಮಾತ್ರ ಉಂಡೆ ಕಟ್ಟುವ ಲಿಟರ್ ಹಾಕಬೇಡಿ. ಅವು ಎಲ್ಲವನ್ನೂ ಬಾಯಿಗೆ ಹಾಕುತ್ತವೆ, ಕರುಳಿನಲ್ಲಿ ಗಂಟು ಕಟ್ಟುವ ಭಯವಿದೆ.

ಭಾಗ್ಯನಗರ, ಕೊಪ್ಪಳ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಟ್ರೇಗೆ ಸಂಬಂಧಿಸಿದ್ದೇ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು, ಮಗುವಿಗೆ ಕುರುಡು ಬರುತ್ತದೆ ಎಂದು ಬೀಗರು ಹೆದರಿಸುತ್ತಿದ್ದಾರೆ. ನಿಜವೇ?

ಪಶುವೈದ್ಯೆ, ರಾಯಚೂರು

ಅಮ್ಮಾ, ಆ ಭಯಕ್ಕೆ ಆಧಾರವಿದೆ, ಆದರೆ ಬೆಕ್ಕನ್ನು ಬಿಟ್ಟು ಬರುವ ಅಗತ್ಯವಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಗರ್ಭಿಣಿಗೆ ಅದು ಮೊದಲ ಸಲ ತಗುಲಿದರೆ ಮಗುವಿನ ಕಣ್ಣಿಗೂ ಮಿದುಳಿಗೂ ತೊಂದರೆಯಾಗಬಹುದು. ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹಾಗೆ ಹೊರಬಿದ್ದದ್ದೂ ಆ ಕ್ಷಣಕ್ಕೆ ಅಂಟುವುದಿಲ್ಲ; ಬಲಿತು ಅಂಟುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಟ್ರೇಯ ಮಲವನ್ನು ದಿನಾ ತೆಗೆಯುವುದೇ ದೊಡ್ಡ ರಕ್ಷಣೆ. ಆ ಕೆಲಸವನ್ನು ಮಗಳು ಮಾಡದೆ ಮನೆಯ ಬೇರೆಯವರು ಮಾಡಲಿ, ಟ್ರೇಗೆ ಕುದಿಯುವ ನೀರು ಸುರಿದು ತೊಳೆಯಲಿ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಮನೆಯೊಳಗೇ ಇರಿಸಿಕೊಳ್ಳಿ. ಮಗಳಿಗೆ ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಬರಿಗೈಯಲ್ಲಿ ಕೈತೋಟದ ಮಣ್ಣು ಮುಟ್ಟುವುದು ಇವುಗಳಿಂದಲೂ ಇದೇ ಸೋಂಕು ಬರಬಹುದೆಂದು ತಿಳಿಸಿ. ಅವಳನ್ನು ನೋಡುತ್ತಿರುವ ಹೆರಿಗೆ ವೈದ್ಯರಿಗೂ ಮನೆಯಲ್ಲಿ ಬೆಕ್ಕಿದೆ ಎಂದು ಹೇಳಿಡಿ.

ಮಾನ್ವಿ

ನಮ್ಮಲ್ಲಿ ಎರಡು ಬೆಕ್ಕು, ಒಂದು ಟ್ರೇ. ದೊಡ್ಡ ಗಂಡು ನಿಂತುಕೊಂಡೇ ಬಾಗಿಲಿನ ಚೌಕಟ್ಟಿಗೆ, ಕಿಟಕಿಯ ಪರದೆಗೆ ಚಿಮುಕಿಸುತ್ತಾನೆ. ಬಾಲ ನೆಟ್ಟಗೆ ಎತ್ತಿ ತುದಿಯನ್ನು ನಡುಗಿಸುತ್ತಾನೆ. ಅವನಿಗೂ ರೋಗವೇ?

ಪ್ರೌಢಶಾಲಾ ಶಿಕ್ಷಕ, ಕುಷ್ಟಗಿ

ಇದು ಮೂತ್ರ ವಿಸರ್ಜನೆಯಲ್ಲ, ಗಡಿ ಗುರುತು. ಕೂತು ನೆಲದ ಮೇಲೆ ಮಾಡುವುದು ಬೇರೆ, ನಿಂತು ಗೋಡೆಗೆ ಚಿಮುಕಿಸುವುದು ಬೇರೆ. ಹೊರಗೆ ಓಡಾಡುವ ಬೇರೆ ಗಂಡು ಬೆಕ್ಕು ಕಿಟಕಿಯಲ್ಲಿ ಕಾಣುತ್ತಿರಬಹುದು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತರಲ್ಲಿ ಇದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ, ಆ ಮೂತ್ರದ ಉಗ್ರ ವಾಸನೆಯೂ ಇಳಿಯುತ್ತದೆ. ಟ್ರೇ ಮಾತ್ರ ಬೆಕ್ಕಿಗೊಂದರಂತೆ, ಮೇಲೊಂದು ಹೆಚ್ಚು ಇರಬೇಕು. ಅಂದರೆ ನಿಮ್ಮಲ್ಲಿ ಮೂರು. ಮೂರನ್ನೂ ಒಂದೇ ಕೋಣೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ದಾರಿಗೆ ಅಡ್ಡ ಮಲಗಿ ಇನ್ನೊಂದನ್ನು ಹೋಗಗೊಡದ ಬೆಕ್ಕನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಟ್ರೇಯ ಉದ್ದ ಬೆಕ್ಕಿನ ಮೈಯ ಒಂದೂವರೆ ಪಟ್ಟು ಇರಲಿ.

ಲಿಂಗಸುಗೂರು

ನಮ್ಮ ಮನೆಗಳಿಗೆಲ್ಲ ಶಹಾಬಾದ್ ಕಲ್ಲಿನ ನೆಲ. ಮೂತ್ರ ಕಲ್ಲಿನ ಸಂದಿಗೆ ಇಳಿದರೆ ವಾಸನೆ ಹೋಗುವುದಿಲ್ಲ, ಬೆಕ್ಕು ಅದೇ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ. ವಿನೆಗರ್ ಹಾಕಿ ಎಂದು ಎಲ್ಲೆಡೆ ಹೇಳುತ್ತಾರೆ. ಶಹಾಬಾದ್ ಸುಣ್ಣದ ಕಲ್ಲು, ಹುಳಿ ತಾಗಿದರೆ ಮೇಲ್ಮೈ ತಿಂದುಹೋಗಿ ಮಾಸುತ್ತದೆ, ಹಾಗಾಗಿ ನಮಗೆ ಅದು ಹೊಂದುವುದಿಲ್ಲ. ಮೊದಲು ಬಟ್ಟೆಯಿಂದ ಹೀರಿಸಿ, ತಣ್ಣೀರು ಹಾಕಿ ಮತ್ತೆ ಹೀರಿಸಿ, ಎಂಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಸಂದಿಗಳಲ್ಲಿ ನಿಲ್ಲಿಸಿ, ಆಮೇಲೆ ಚೆನ್ನಾಗಿ ತೊಳೆಯುತ್ತೇವೆ. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಹಾಕಬೇಡಿ, ಏಳುವ ಹೊಗೆ ಉಸಿರಿಗೆ ಕೆಟ್ಟದ್ದು.

ಕೌಲ್ ಬಜಾರ್, ಬಳ್ಳಾರಿ

ಎಲ್ಲರಿಗೂ ಕೃತಜ್ಞತೆಗಳು. ಮೂತ್ರ ಪರೀಕ್ಷೆಯಲ್ಲಿ ಉರಿಯೂತವೆಂದು ತಿಳಿದು ಔಷಧ ನಡೆಯುತ್ತಿದೆ. ಟ್ರೇ ಕೆಳಗೆ ಬಂದಿದೆ; ಮಲಗುವ ಕೋಣೆಯ ಮೂಲೆಯಲ್ಲಿ ಒಂದು, ಪಡಸಾಲೆಯ ಕಪಾಟಿನ ಹಿಂದೆ ಒಂದು. ಫಿನಾಯಿಲ್ ನಿಲ್ಲಿಸಿದ್ದೇವೆ. ಕೆಂಚ ಈಗ ಟ್ರೇಯನ್ನೇ ಹೆಚ್ಚಾಗಿ ಬಳಸುತ್ತಿದ್ದಾನೆ, ಗಾದಿಯ ಕಡೆ ಇನ್ನೂ ಒಮ್ಮೊಮ್ಮೆ ಹೋಗುತ್ತಾನೆ. ಅತ್ತೆಯವರೇ ಈಗ ಕೋಳಿ ಬೇಯಿಸಿದ ನೀರನ್ನು ಅವನಿಗೆಂದು ತೆಗೆದಿಡುತ್ತಾರೆ. ಒಂದೇ ಸಂಶಯ ಉಳಿದಿದೆ: ಹಿತ್ತಲಿಲ್ಲದ ಮನೆ ನಮ್ಮದು, ತೆಗೆದ ಮರಳನ್ನು ಏನು ಮಾಡಬೇಕು?

ಪಶುವೈದ್ಯೆ, ರಾಯಚೂರು

ಗಾದಿಗೆ ಸದ್ಯಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಳೆಯ ವಾಸನೆ ಪೂರ್ತಿ ಹೋಗುವವರೆಗೆ ತೆಗೆಯಬೇಡಿ. ಔಷಧ ಮುಗಿದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ.

ಮರಳನ್ನಾಗಲಿ ಲಿಟರನ್ನಾಗಲಿ ಬಚ್ಚಲಿಗೋ ಸಂಡಾಸಿಗೋ ಸುರಿಯಬೇಡಿ. ಮರಳು ಕೊಳವೆಯಲ್ಲಿ ಕೂರುತ್ತದೆ, ಬೆಂಟೊನೈಟ್ ಅಲ್ಲಿಯೇ ಉಬ್ಬಿ ಕಟ್ಟಿಕೊಳ್ಳುತ್ತದೆ. ಕಾಗದದಲ್ಲಿ ಸುತ್ತಿ, ಬಾಯಿ ಬಿಗಿದ ಚೀಲದಲ್ಲಿ ಹಾಕಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ, ಮನೆ ಬಳಕೆಯ ಡೈಪರ್ ಕೊಡುವ ಹಾಗೆಯೇ ನಗರಪಾಲಿಕೆಯ ಗಾಡಿಗೆ ಕೊಡಿ. ಹೊಲ, ಹಿತ್ತಲು ಇರುವವರು ಹೊಟ್ಟನ್ನು ಆಳವಾದ ಗುಂಡಿಯಲ್ಲಿ ಹೂಳಬಹುದು, ಆದರೆ ಸೊಪ್ಪು ತರಕಾರಿಯ ಮಡಿಗೆ ಗೊಬ್ಬರವಾಗಿ ಹಾಕಬಾರದು. ಬಾವಿ, ಬೋರ್‌ವೆಲ್‌ನಿಂದಲೂ ದೂರವಿರಲಿ.